ಕಾರಿನ ಲಾಂಛನಕ್ಕೆ ಮನೆಯಲ್ಲೇ ಬಣ್ಣ: ಬಿಸಿಲು ನೋಡಿ ಕೈಹಾಕಿ

ಐವರ್ನಾಡು (ಸುಳ್ಯ): ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಮೊದಲು ನೋಡುವುದು ಆಕಾಶವನ್ನು. ಮೈಲುತುತ್ತು ಮತ್ತು ಸುಣ್ಣ ಎಷ್ಟೇ ಹದವಾಗಿ ಬೆರೆತಿದ್ದರೂ, ಸಿಂಪಡಿಸಿದ ಬೆನ್ನಿಗೇ ಮಳೆ ಸುರಿದರೆ ಶ್ರಮವೆಲ್ಲ ವ್ಯರ್ಥ. ಸುಳ್ಯ ಮತ್ತು ಬೆಳ್ಳಾರೆಗಳ ನಡುವಣ ಐವರ್ನಾಡಿನಂತಹ ಊರುಗಳ ಕೃಷಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾರಿನ ಲಾಂಛನಕ್ಕೆ ಮನೆಯಂಗಳದಲ್ಲೇ ಬಣ್ಣ ಹಾಕಲು ಹೊರಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಬೆಳ್ಳಿಯಂತೆ ಹೊಳೆಯುವ ಲಾಂಛನವನ್ನು ಕಪ್ಪು, ಕೆಂಪು ಅಥವಾ ತಮಗೆ ಒಪ್ಪುವ ಇನ್ನಾವುದೋ ಬಣ್ಣಕ್ಕೆ ತಿರುಗಿಸುವುದು ಕಾರುಪ್ರಿಯರ ಹಳೆಯ ಹವ್ಯಾಸ. ಕೆಲಸ ನೋಡಲು ಸುಲಭ. ಒಂದು ಸ್ಪ್ರೇ ಡಬ್ಬಿ, ಒಂದು ಬಿಡುವಿನ ಭಾನುವಾರ ಇದ್ದರೆ ಸಾಕು ಎನಿಸುತ್ತದೆ. ಆದರೆ ಮೊದಲ ಬಾರಿ ಕಾರು ತೊಳೆಯುವಾಗಲೇ ಬಣ್ಣ ಚಕ್ಕೆಯಾಗಿ ಏಳುವುದು, ಹೊಳಪು ಮಾಸಿ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುವುದು ಸಾಮಾನ್ಯ. ದೋಷ ಬಹುತೇಕ ಡಬ್ಬಿಯದ್ದಲ್ಲ. ಪೂರ್ವಸಿದ್ಧತೆಯದ್ದು ಮತ್ತು ಹವೆಯದ್ದು.

ಹೊಳಪಿನ ಒಳಗುಟ್ಟು

ಹಿಂದಿನ ಕಾರುಗಳಲ್ಲಿ ಲಾಂಛನಗಳು ಲೋಹದವೇ ಆಗಿರುತ್ತಿದ್ದವು. ಇಂದಿನ ಬಹುತೇಕ ಲಾಂಛನಗಳು ಎಬಿಎಸ್ ಎಂಬ ಪ್ಲಾಸ್ಟಿಕ್‌ನವು. ಅದರ ಮೇಲೆ ತಾಮ್ರ, ನಿಕ್ಕಲ್ ಮತ್ತು ಕೊನೆಯಲ್ಲಿ ಕ್ರೋಮಿಯಂ ಲೇಪನ ಇರುತ್ತದೆ. ಕಣ್ಣಿಗೆ ಬೀಳುವ ಹೊಳಪಿಗೆ ಆಧಾರ ನಿಕ್ಕಲ್ ಪದರ. ಮೇಲಿನ ಕ್ರೋಮಿಯಂ ಅತ್ಯಂತ ತೆಳುವಾದ ರಕ್ಷಾಕವಚ. ಈ ಮೇಲ್ಮೈ ಗಾಜಿನಷ್ಟು ನುಣುಪು. ಬಣ್ಣ ಹಿಡಿದು ನಿಲ್ಲಲು ಅಲ್ಲಿ ಆಸರೆಯೇ ಇಲ್ಲ. ಉಜ್ಜದೆ, ಪ್ರೈಮರ್ ಹಾಕದೆ ನೇರವಾಗಿ ಬಣ್ಣ ಸಿಂಪಡಿಸಿದರೆ ಉಗುರಿನಿಂದ ಕೆರೆದರೂ ಅದು ಕಿತ್ತು ಬರುತ್ತದೆ.

ಥಿನ್ನರ್ ಮತ್ತು ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ ಎಂಬುದೂ ಗಮನಾರ್ಹ. ಲೇಪನವಿಲ್ಲದ ಹಿಂಬದಿಯನ್ನು ಇವುಗಳಿಂದ ಒರೆಸಿದರೆ ಲಾಂಛನವೇ ವಿರೂಪಗೊಳ್ಳುವ ಅಪಾಯವಿದೆ. ಸಾಬೂನು ನೀರು, ಅನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಹವೆಯ ಆಟ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಆಗ ಮಳೆ ಬಿಡುವು ಕೊಟ್ಟರೂ ಗಾಳಿಯ ತೇವ ಇಳಿಯುವುದಿಲ್ಲ.

ಸಿಂಪಡಿಸಿದ ಬಣ್ಣದಲ್ಲಿರುವ ದ್ರಾವಕ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿನ ನೀರಾವಿ ಅದರ ಮೇಲೆ ಸೂಕ್ಷ್ಮ ಹನಿಗಳಾಗಿ ಕೂರುತ್ತದೆ. ಈ ಹನಿಗಳು ಒಣಗುತ್ತಿರುವ ಪದರದೊಳಗೆ ಸಿಕ್ಕಿಬಿದ್ದಾಗ ಬಣ್ಣ ಬಿಳಿಚಿಕೊಳ್ಳುತ್ತದೆ. ಕಪ್ಪು ಬಣ್ಣದಲ್ಲಿ ಈ ಮಸುಕು ಎದ್ದು ಕಾಣುತ್ತದೆ. ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳೇ ಈ ಕೆಲಸಕ್ಕೆ ಪ್ರಶಸ್ತ. ಆಗಲೂ ಮುಂಜಾನೆಯ ಇಬ್ಬನಿ ಆರಿದ ಬಳಿಕ ಆರಂಭಿಸಿ, ಸಂಜೆ ತಂಪೇರುವ ಮೊದಲೇ ಮುಗಿಸುವುದು ಕ್ಷೇಮ. ಬೆಂಗಳೂರು, ಹುಬ್ಬಳ್ಳಿಗಳ ಒಣ ಹವೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಡವಾದರೂ ಮಳೆಯ ದಿನಗಳಲ್ಲಿ ಅಲ್ಲಿಯೂ ನಿಯಮ ಇದೇ.

ರಾಡಾರ್ ಇದ್ದರೆ ಕೈಹಾಕಬಾರದು

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹೊಸ ಕಾರುಗಳಿಗೆ ಸಂಬಂಧಿಸಿದ್ದು. ಮುಂದಿನ ವಾಹನದ ಅಂತರವನ್ನು ತಾನೇ ಅಳೆದು ಬ್ರೇಕ್ ಹಾಕುವ ವ್ಯವಸ್ಥೆಯುಳ್ಳ ಕೆಲವು ಕಾರುಗಳಲ್ಲಿ ರಾಡಾರ್ ಇರುವುದು ಮುಂಭಾಗದ ಲಾಂಛನದ ಹಿಂದೆಯೇ. ಅಂತಹ ಲಾಂಛನವನ್ನು ರಾಡಾರ್ ಅಲೆಗಳು ಹಾದುಹೋಗುವಂತೆ ವಿಶೇಷವಾಗಿ ತಯಾರಿಸಲಾಗಿರುತ್ತದೆ. ಅದರ ಮೇಲೆ ಲೋಹದ ಕಣಗಳಿರುವ ಮೆಟಾಲಿಕ್ ಬಣ್ಣ ಹಾಕಿದರೆ, ಅಥವಾ ಸಾಮಾನ್ಯ ಬಣ್ಣವನ್ನೇ ದಪ್ಪಗೆ ಬಳಿದರೆ, ಅಲೆಗಳಿಗೆ ತಡೆಯುಂಟಾಗಬಹುದು. ಬ್ರೇಕ್ ಬೀಳಬೇಕಾದ ಕ್ಷಣದಲ್ಲಿ ಬೀಳದಿದ್ದರೆ ಚಂದಕ್ಕೆ ತೆರುವ ಬೆಲೆ ದೊಡ್ಡದಾಗುತ್ತದೆ.

ಉಬ್ಬುತಗ್ಗುಗಳಿಲ್ಲದೆ ಸಪಾಟಾಗಿ, ಗಾಜಿನ ಬಿಲ್ಲೆಯಂತೆ ಕಾಣುವ ಲಾಂಛನ ಇದರ ಒಂದು ಸುಳಿವು. ಆದರೆ ಅನುಮಾನವಿದ್ದಲ್ಲಿ ಕಾರಿನ ಮಾಲೀಕರ ಕೈಪಿಡಿ ನೋಡುವುದೇ ಸರಿ. ಹಿಂಭಾಗದ ಲಾಂಛನವೂ ಕೆಲವು ಕಾರುಗಳಲ್ಲಿ ಡಿಕ್ಕಿ ತೆರೆಯುವ ಹಿಡಿಯಾಗಿ ಅಥವಾ ಕ್ಯಾಮೆರಾದ ಮುಚ್ಚಳವಾಗಿ ಕೆಲಸ ಮಾಡುತ್ತದೆ. ಅವುಗಳನ್ನೂ ಬಿಟ್ಟುಬಿಡುವುದು ಲೇಸು.

ಬಿಡಿಸುವ ಬಗೆ

ಸಾಮಾನ್ಯ ಲಾಂಛನಗಳು ಎರಡೂ ಬದಿಗೆ ಅಂಟಿರುವ ಫೋಮ್ ಟೇಪಿನ ಬಲದಿಂದ ನಿಂತಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಲಾಂಛನ ಮುರಿಯುವುದಲ್ಲದೆ ಕಾರಿನ ಮೈಬಣ್ಣಕ್ಕೂ ಗಾಯವಾಗುತ್ತದೆ. ಮೊದಲು ಲಾಂಛನದ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಸ್ಥಾನ ಗುರುತಿಸಿಕೊಳ್ಳಬೇಕು. ಕೂದಲು ಒಣಗಿಸುವ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿದರೆ ಅಂಟು ಮೆತ್ತಗಾಗುತ್ತದೆ. ಬಳಿಕ ಮೀನಿನ ಗಾಳಕ್ಕೆ ಬಳಸುವ ನೈಲಾನ್ ದಾರವನ್ನು ಹಿಂಬದಿಗೆ ತೂರಿಸಿ, ಗರಗಸದಂತೆ ಎಡಕ್ಕೂ ಬಲಕ್ಕೂ ಎಳೆದರೆ ಟೇಪು ಸೀಳಿಕೊಳ್ಳುತ್ತದೆ. ಒಳಗೆ ಪ್ಲಾಸ್ಟಿಕ್ ಮೊಳೆಗಳಿರುವ ಲಾಂಛನಗಳೂ ಇವೆ. ದಾರ ತಡೆದಲ್ಲಿ ಬಲಪ್ರಯೋಗ ಸಲ್ಲದು.

ಮೈಮೇಲೆ ಉಳಿದ ಅಂಟಿಗೆ ತುಸು ತೆಂಗಿನೆಣ್ಣೆ ಸವರಿ, ಮೆತ್ತಗಾದ ಮೇಲೆ ಬೆರಳಿನಿಂದ ಉಜ್ಜಿ ತೆಗೆಯಬಹುದು. ಮರಳಿ ಅಂಟಿಸುವ ಮೊದಲು ಆ ಜಾಗದಲ್ಲಿ ಎಣ್ಣೆಯ ಜಿಡ್ಡು ಕಿಂಚಿತ್ತೂ ಉಳಿದಿರಬಾರದು.

ತೆಳು ಪದರ, ತಾಳ್ಮೆಯ ಕೆಲಸ

ತೊಳೆದು ಒಣಗಿದ ಲಾಂಛನವನ್ನು 600, ಅನಂತರ 800ನೇ ಸಂಖ್ಯೆಯ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಬೇಕು. ಹೊಳಪು ಮಾಯವಾಗಿ ಎಲ್ಲೆಡೆ ಸಮನಾದ ಮಸುಕು ಬಂದರೆ ಸಾಕು. ತಾಮ್ರ ಕಾಣುವವರೆಗೆ ಉಜ್ಜಬೇಕಾಗಿಲ್ಲ. ಬಳಿಕ ಕ್ರೋಮ್ ಮೇಲ್ಮೈಗೆ ಹೊಂದುವ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಪಾರದರ್ಶಕ ಕ್ಲಿಯರ್ ಕೋಟ್.

ಡಬ್ಬಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ ಸಿಂಪಡಿಸಬೇಕು. ಮೊದಲ ಪದರದಲ್ಲೇ ಪೂರ್ತಿ ಮುಚ್ಚುವ ಆತುರ ಬೇಡ. ದಪ್ಪಗೆ ಬಿದ್ದ ಬಣ್ಣ ಇಳಿದು ಗೆರೆಯಾಗುತ್ತದೆ. ಮೂರು ನಾಲ್ಕು ತೆಳು ಪದರ, ನಡುನಡುವೆ ಹತ್ತು ಹದಿನೈದು ನಿಮಿಷ ಬಿಡುವು ಸೂಕ್ತ. ಡಬ್ಬಿಯ ಮೇಲೆ ಬೇರೆ ಅವಧಿ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ಮುಟ್ಟಲು ಒಂದು ದಿನ, ನೀರು ಹಾಕಿ ತೊಳೆಯಲು ಕನಿಷ್ಠ ಒಂದು ವಾರ ಕಾಯುವುದು ಒಳ್ಳೆಯದು.

ಅಕ್ಷರಗಳ ಸಂದಿಯಲ್ಲಿ ನಿಂತ ಬಣ್ಣವನ್ನು ತೆಗೆಯಲು ಕರಾವಳಿಯ ಮನೆಗಳಲ್ಲಿ ಸಿಗುವ ಹಿಡಿಸೂಡಿ ಕಡ್ಡಿ, ಅಂದರೆ ತೆಂಗಿನ ಗರಿಯ ಪೊರಕೆಯ ಕಡ್ಡಿಯ ತುದಿಗೆ ಹತ್ತಿ ಸುತ್ತಿಕೊಂಡರಾಯಿತು.

ಬೇಡವಾದರೆ ಸುಲಿದು ತೆಗೆಯಬಹುದು

ಶಾಶ್ವತ ಬಣ್ಣಕ್ಕೆ ಮನಸ್ಸು ಅಳುಕಿದರೆ ಸುಲಿದು ತೆಗೆಯಬಹುದಾದ ರಬ್ಬರ್ ಲೇಪನಗಳೂ ಸ್ಪ್ರೇ ರೂಪದಲ್ಲಿ ದೊರೆಯುತ್ತವೆ. ಇದಕ್ಕೆ ಉಜ್ಜುವ ಅಗತ್ಯವಿಲ್ಲ. ಕೆಳಗಿನ ಕ್ರೋಮ್ ಹಾಗೆಯೇ ಉಳಿಯುತ್ತದೆ. ಆದರೆ ಪದರ ಸಾಕಷ್ಟು ದಪ್ಪವಿರಬೇಕು. ಆಗ ಮಾತ್ರ ರಬ್ಬರ್ ತೋಟದ ಚಿಪ್ಪಿನಲ್ಲಿ ಹೆಪ್ಪುಗಟ್ಟಿದ ಹಾಲಿನಂತೆ ಒಂದೇ ತುಂಡಾಗಿ ಕಿತ್ತು ಬರುತ್ತದೆ. ತೆಳುವಾದರೆ ಚೂರು ಚೂರಾಗಿ ಅಂಟಿಕೊಳ್ಳುತ್ತದೆ. ಪೆಟ್ರೋಲ್ ತಾಗಿದರೆ ಈ ಲೇಪನ ಕರಗುತ್ತದೆ. ಮೊದಲ ಬಾರಿ ಕೈಹಾಕುವವರಿಗೆ ಇದೇ ಸುರಕ್ಷಿತ ದಾರಿ.

ಅಂಗಳದಲ್ಲಿ ಅಡಿಕೆ ಇದ್ದರೆ

ಬಣ್ಣಕ್ಕೆ ಪ್ರಶಸ್ತವಾದ ಒಣ ತಿಂಗಳುಗಳಲ್ಲೇ ಈ ಭಾಗದ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಸ್ಪ್ರೇ ಬಣ್ಣದ ತುಂತುರು ಗಾಳಿಯಲ್ಲಿ ಬಹುದೂರ ತೇಲುತ್ತದೆ. ಜಗಿಯುವ ವಸ್ತುವಿನ ಮೇಲೆ ಅದು ಬೀಳಕೂಡದು. ಅಡಿಕೆಯಿಂದ ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ, ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಲಾಂಛನವಿಟ್ಟು ಸಿಂಪಡಿಸುವುದು ಸೂಕ್ತ. ಡಬ್ಬಿಯಲ್ಲಿರುವ ಅನಿಲ ಬೆಂಕಿ ಹಿಡಿಯುವಂಥದ್ದು. ಆದ್ದರಿಂದ ಬಚ್ಚಲ ಒಲೆ ಉರಿಯುತ್ತಿರುವಾಗ ಅದರ ಸಮೀಪ ಈ ಕೆಲಸ ಸಲ್ಲದು.

ಬಟ್ಟೆಯ ಮುಖಗವಸು ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಇಂಗಾಲದ ಫಿಲ್ಟರ್ ಇರುವ ಮುಖಗವಸು ಬೇಕು. ಐಸೊಸಯನೇಟ್ ಗಟ್ಟಿಕಾರಕ ಬೆರೆಸುವ ಟು-ಕೆ ಕ್ಲಿಯರ್ ಕೋಟ್ ಉಸಿರಾಟಕ್ಕೆ ಅಪಾಯಕಾರಿ. ಅದನ್ನು ತಕ್ಕ ಸಲಕರಣೆಗಳಿರುವ ಪೇಂಟಿಂಗ್ ಅಂಗಡಿಗೆ ಬಿಡುವುದೇ ಒಳಿತು.

ಕಾನೂನಿನ ಮಾತು

ನೋಂದಣಿ ಪತ್ರದಲ್ಲಿ ದಾಖಲಾಗುವುದು ವಾಹನದ ಮೈಬಣ್ಣವೇ ಹೊರತು ಲಾಂಛನದ ಬಣ್ಣವಲ್ಲ. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿಯಂತ್ರಿಸುತ್ತದೆ. ಆದ್ದರಿಂದ ಲಾಂಛನಕ್ಕೆ ಹಾಕಿದ ಬಣ್ಣ ಚೆನ್ನಾಗಿ ಬಂತೆಂಬ ಉಮೇದಿನಲ್ಲಿ ಮೈಬಣ್ಣವನ್ನೇ ಬದಲಿಸಲು ಹೊರಡುವವರು ಮೊದಲು ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ನೋಂದಣಿ ಫಲಕವನ್ನಂತೂ ಮುಟ್ಟಲೇಬಾರದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾಗಿರುವ ಅತಿ ಸುರಕ್ಷಿತ ಫಲಕದ ಮೇಲೆ ಅಶೋಕ ಚಕ್ರದ ಹೊಲೊಗ್ರಾಂ ಇರುತ್ತದೆ. ಅಕ್ಕಪಕ್ಕದ ಲಾಂಛನಕ್ಕೆ ಬಣ್ಣ ಹಾಕುವಾಗ ಅದರ ಮೇಲೆ ಹನಿ ಸಿಡಿಯದಂತೆ ಮುಚ್ಚಿಕೊಳ್ಳಬೇಕು. ಲಾಂಛನವನ್ನು ಬಿಡಿಸಿಯೇ ಬಣ್ಣ ಹಾಕಿದರೆ ಆ ಚಿಂತೆಯೂ ಇಲ್ಲ.

ಲಾಂಛನ ಬೆರಳೆಣಿಕೆಯ ಅಂಗುಲಗಳ ವಸ್ತು. ಆದರೂ ಅದಕ್ಕೆ ಎರಡು ದಿನದ ಬಿಸಿಲು, ಒಂದು ವಾರದ ತಾಳ್ಮೆ ಬೇಕು. ಮೋಡ ಕವಿದಿದ್ದರೆ ತೋಟದವರು ಸಿಂಪಡಣೆಯನ್ನು ನಾಳೆಗೆ ಮುಂದೂಡುತ್ತಾರೆ. ಕಾರಿನವರೂ ಅಷ್ಟು ಮಾಡಿದರೆ ಅರ್ಧ ಕೆಲಸ ಗೆದ್ದಂತೆ.