ಪಾಸಾದರೆ ಸಾಕೇ?

ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಅನೇಕ ಮನೆಗಳ ಮಾತು ತೆಲುಗು. ಅಲ್ಲಿನ ಮಕ್ಕಳು ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿಯುವುದು ಕನ್ನಡದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ವಿಜ್ಞಾನ ವಿಭಾಗಕ್ಕೆ ಸೇರಿದರೆ ಪಾಠ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ‘ವೇಗೋತ್ಕರ್ಷ’ವೆಂದು ಓದಿದ್ದು ಅಲ್ಲಿ ‘ಆಕ್ಸಲರೇಷನ್’ ಆಗುತ್ತದೆ. ‘ದ್ಯುತಿಸಂಶ್ಲೇಷಣೆ’ ‘ಫೋಟೋಸಿಂಥೆಸಿಸ್’ ಆಗುತ್ತದೆ. ವಿಷಯ ಗೊತ್ತಿದ್ದೂ ಮಾತು ತಿಳಿಯದೆ ಹುಡುಗಿಯೊಬ್ಬಳು ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಅದು ಅವಳ ದಡ್ಡತನವಲ್ಲ, ನಮ್ಮ ವ್ಯವಸ್ಥೆಯ ಬಿರುಕು.

ನಾವಾದರೋ ಶೇಕಡಾವಾರು ಫಲಿತಾಂಶದ ಏರಿಳಿತದಲ್ಲೇ ಮುಳುಗಿದ್ದೇವೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಆದರೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು. 2025ರಲ್ಲಿ ಉತ್ತೀರ್ಣತೆಯ ಕನಿಷ್ಠ ಅಂಕವನ್ನು ಶೇ 35ರಿಂದ 33ಕ್ಕೆ ತಗ್ಗಿಸಲು ಸರ್ಕಾರ ತೀರ್ಮಾನಿಸಿತು. ಅನುತ್ತೀರ್ಣತೆಯ ಕಳಂಕದಿಂದ ಮಕ್ಕಳನ್ನು ಪಾರುಮಾಡುವುದು ಮಾನವೀಯವೇ ಸರಿ. ಆದರೆ ಹೊಸ್ತಿಲನ್ನು ತಗ್ಗಿಸಿದಷ್ಟಕ್ಕೆ ಒಳಮನೆಯ ಮೆಟ್ಟಿಲುಗಳು ತಗ್ಗುವುದಿಲ್ಲ.

ಎಸ್ಸೆಸ್ಸೆಲ್ಸಿ ಮತ್ತು ಪಿಯು ಪರೀಕ್ಷೆಗಳನ್ನು ಈಗ ಒಂದೇ ಮಂಡಲಿ ನಡೆಸುತ್ತಿದೆ. ಪರೀಕ್ಷೆಗಳು ಒಂದೇ ಸೂರಿನಡಿ ಬಂದರೂ ಬೋಧನೆಗಳು ಒಂದಾಗಿಲ್ಲ. ಮಾಲೂರಿನ ಪಿಯು ಉಪನ್ಯಾಸಕರೂ ಅಲ್ಲಿನ ಪ್ರೌಢಶಾಲಾ ಶಿಕ್ಷಕರೂ ಒಟ್ಟಿಗೆ ಕುಳಿತು, ಮಗು ಏನನ್ನು ಕಲಿತು ಬರಬೇಕು, ಏನನ್ನು ಕಲಿಯದೆ ಬರುತ್ತಿದೆ ಎಂದು ವರ್ಷಕ್ಕೆರಡು ಬಾರಿಯಾದರೂ ಚರ್ಚಿಸಲಿ. ಎಂಟನೆಯ ತರಗತಿಯಿಂದಲೇ ಕನ್ನಡ ಪಾರಿಭಾಷಿಕ ಪದದ ಜೊತೆಗೆ ಇಂಗ್ಲಿಷಿನದನ್ನೂ ಪರಿಚಯಿಸಲಿ. ಪ್ರಥಮ ಪಿಯುವಿನ ಮೊದಲ ತಿಂಗಳನ್ನು ಗಣಿತದ ಬುನಾದಿಗೂ ಭಾಷೆಯ ಸೇತುಬಂಧಕ್ಕೂ ಮೀಸಲಿಡಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಜಾಗ ಬೇಕು.

ಮೆಟ್ರಿಕ್ಯುಲೇಷನ್ ದಾಟದ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ವಿದ್ವತ್ತಿನ ಶಿಖರವೇರಿದರು ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅಸಾಮಾನ್ಯರು ತಮ್ಮ ದಾರಿಯನ್ನು ತಾವೇ ಕಡಿದುಕೊಳ್ಳುತ್ತಾರೆ. ಸಾಮಾನ್ಯರಿಗೆ ದಾರಿ ಮಾಡಿಕೊಡಲೆಂದೇ ಶಾಲೆಗಳಿರುವುದು. ಕೋಲಾರದ ಹೊರವಲಯದಲ್ಲಿ 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳಿವೆ. ಅವುಗಳ ಬಾಗಿಲವರೆಗೆ ನಮ್ಮ ಹಳ್ಳಿಯ ಮಕ್ಕಳು ಅಂಕಪಟ್ಟಿ ಹಿಡಿದು ಹೋಗುತ್ತಾರೆ. ಒಳಗೆ ನಿಲ್ಲುವ ಬಲವನ್ನೂ ಆ ಅಂಕಪಟ್ಟಿ ಕೊಡಬೇಡವೇ?