ಬೆಳಕನ್ನೇ ಬಣ್ಣ ಮಾಡಿಕೊಂಡವರು

ಮಕ್ಕಳೇ, ನಾಟಕ ನೋಡಿ ಬಂದ ಮೇಲೆ ನಿಮಗೆ ಹಾಡು ನೆನಪಿರುತ್ತದೆ, ವೇಷ ನೆನಪಿರುತ್ತದೆ. ಬೆಳಕು ಹೇಗಿತ್ತು ಎಂದು ಕೇಳಿದರೆ? ಬಹುಶಃ ಉತ್ತರ ಹೊಳೆಯುವುದಿಲ್ಲ. ಆದರೆ ಸೂರ್ಯೋದಯವಾಯಿತು, ರಾತ್ರಿಯಾಯಿತು, ಈಗ ಭಯವಾಗಬೇಕು ಎಂದು ನಿಮಗೆ ಮಾತಿಲ್ಲದೆ ಹೇಳಿದ್ದು ಆ ಬೆಳಕೇ. ಅದನ್ನು ಯೋಜಿಸುವವರೇ ಬೆಳಕಿನ ವಿನ್ಯಾಸಕರು.

ಇದನ್ನೊಂದು ಸ್ವತಂತ್ರ ವೃತ್ತಿಯಾಗಿ ಬೆಳೆಸಿದವರಲ್ಲಿ ಪ್ರಮುಖರು ನಮ್ಮ ನ್ಯೂಯಾರ್ಕ್‌ನವರೇ ಆದ ಜೀನ್ ರೋಸೆಂಥಾಲ್. ಹುಟ್ಟಿದ್ದು 1912ರಲ್ಲಿ. ತಂದೆ ತಾಯಿ ರುಮೇನಿಯಾದಿಂದ ವಲಸೆ ಬಂದ ವೈದ್ಯರು. ಮಗಳು ಆರಿಸಿಕೊಂಡದ್ದು ರಂಗಭೂಮಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ ಅವರಿಂದ ಬೆಳಕಿನ ಪಾಠ ಕಲಿತರು. ನಟನ ಮುಖಕ್ಕೆ ಎರಡು ಬದಿಯಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಬಿಡಬೇಕು, ಒಂದು ಬೆಚ್ಚಗಿನ ಬಣ್ಣ, ಇನ್ನೊಂದು ತಣ್ಣನೆಯದು ಎಂಬುದು ಆ ಗುರುಗಳ ಪ್ರಸಿದ್ಧ ಸೂತ್ರ.

1937ರ ಜೂನ್ 16ರಂದು ಒಂದು ಸ್ವಾರಸ್ಯಕರ ಘಟನೆ ನಡೆಯಿತು. ಸರ್ಕಾರದ ಹಣದಲ್ಲಿ ತಯಾರಾಗಿದ್ದ ‘ದಿ ಕ್ರೇಡಲ್ ವಿಲ್ ರಾಕ್’ ಸಂಗೀತ ನಾಟಕಕ್ಕೆ ಕೊನೆ ಗಳಿಗೆಯಲ್ಲಿ ತಡೆ ಬಂತು, ರಂಗಮಂದಿರಕ್ಕೆ ಬೀಗ ಬಿತ್ತು. ಪಿಯಾನೋ ಹುಡುಕುವ ಕೆಲಸ 25ರ ಹರೆಯದ ಜೀನ್‌ಗೆ ಬಂತು. ಪಿಯಾನೋವನ್ನು ಟ್ರಕ್‌ಗೆ ಹೇರಿಸಿ, ಬೇರೆ ರಂಗಮಂದಿರ ಸಿಗುವವರೆಗೆ ಮ್ಯಾನ್‌ಹಟನ್ ಬೀದಿಗಳಲ್ಲಿ ಸುತ್ತಿದರು! ಅಂದು ರಾತ್ರಿ ನಟರು ವೇದಿಕೆ ಹತ್ತದೆ ಪ್ರೇಕ್ಷಕರ ನಡುವಿನಿಂದಲೇ ಎದ್ದು ಹಾಡಿದರು. ಸ್ಪಾಟ್‌ಲೈಟ್ ಅವರನ್ನು ಒಬ್ಬೊಬ್ಬರಾಗಿ ಹುಡುಕಿ ತೋರಿಸಿತು.

ಮುಂದೆ ‘ವೆಸ್ಟ್ ಸೈಡ್ ಸ್ಟೋರಿ’ (1957), ‘ದಿ ಸೌಂಡ್ ಆಫ್ ಮ್ಯೂಸಿಕ್’ (1959), ‘ಫಿಡ್ಲರ್ ಆನ್ ದ ರೂಫ್’ (1964) ನಾಟಕಗಳಿಗೆ ಬೆಳಕು ಕೊಟ್ಟವರು ಜೀನ್. ನೃತ್ಯ ಕಲಾವಿದೆ ಮಾರ್ತಾ ಗ್ರಹಾಂ ಜೊತೆ ದಶಕಗಳ ಕಾಲ ದುಡಿದರು. 1969ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಳ್ಳುವ ಕೆಲವೇ ದಿನ ಮೊದಲು ಗಾಲಿಕುರ್ಚಿಯಲ್ಲಿ ಬಂದು ಮಾರ್ತಾ ಅವರ ನೃತ್ಯಕ್ಕೆ ಬೆಳಕು ಹೊಂದಿಸಿದರು. ಬೆಳಕಿನ ವಿನ್ಯಾಸಕ್ಕೆ ಟೋನಿ ಪ್ರಶಸ್ತಿ ಕೊಡಲು ಆರಂಭಿಸಿದ್ದು ಅದರ ಮರುವರ್ಷ, 1970ರಲ್ಲಿ.

ವಿನ್ಯಾಸಕರು ಮೊದಲು ನಾಟಕವನ್ನು ಓದುತ್ತಾರೆ, ತಾಲೀಮು ನೋಡುತ್ತಾರೆ. ಯಾವ ದೀಪ ಎಲ್ಲಿ ತೂಗಬೇಕೆಂದು ನಕ್ಷೆ ಬರೆಯುತ್ತಾರೆ. ಪ್ರತಿ ಬದಲಾವಣೆಗೂ ಒಂದು ‘ಕ್ಯೂ’ ಸಂಖ್ಯೆ. ಪ್ರದರ್ಶನದಲ್ಲಿ ಸ್ಟೇಜ್ ಮ್ಯಾನೇಜರ್ ಹೇಳಿದಾಗ ಕಂಪ್ಯೂಟರಿನ ಗುಂಡಿ ಒತ್ತಲಾಗುತ್ತದೆ.

ನಮ್ಮ ನಾಡಿಗೂ ಈ ಕಲೆ ಹೊಸದಲ್ಲ. ಯಕ್ಷಗಾನದ ಬಣ್ಣದ ವೇಷಗಳು ಒಂದು ಕಾಲಕ್ಕೆ ದೀವಟಿಗೆಯ ಬೆಳಕಿನಲ್ಲೇ ಮಿಂಚುತ್ತಿದ್ದವು. ಆಮೇಲೆ ಗ್ಯಾಸ್‌ಲೈಟ್ ಬಂತು, ಈಗ ವಿದ್ಯುತ್ ದೀಪ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ರಂಗಕರ್ಮಿಗಳನ್ನು ತಯಾರು ಮಾಡುತ್ತಿದೆ.

ಪೋಷಕರೇ, “ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂಬ ನಿಮ್ಮ ಪ್ರಶ್ನೆ ಸಹಜ. ಕೆಲಸ ಹೆಚ್ಚಾಗಿ ಒಂದೊಂದೇ ಪ್ರದರ್ಶನದ ಲೆಕ್ಕದಲ್ಲಿ ಸಿಗುತ್ತದೆ. ತಿಂಗಳ ಸಂಬಳದ ಭರವಸೆ ಕಡಿಮೆ, ರಾತ್ರಿ ದುಡಿಮೆ ಹೆಚ್ಚು. ಆದರೆ ಇಲ್ಲಿ ಭೌತಶಾಸ್ತ್ರ, ಗಣಿತ, ಚಿತ್ರಕಲೆ ಮೂರೂ ಕೂಡಿ ಬರುತ್ತವೆ. ಕಲಿತ ವಿದ್ಯೆ ಸಂಗೀತ ಕಛೇರಿ, ಟಿವಿ, ವಸ್ತುಸಂಗ್ರಹಾಲಯ, ಕಟ್ಟಡಗಳ ಬೆಳಕಿಗೂ ಉಪಯೋಗಕ್ಕೆ ಬರುತ್ತದೆ. ಹೈಸ್ಕೂಲಿನ ಸ್ಟೇಜ್ ಕ್ರೂ ಸೇರುವುದು ಒಳ್ಳೆಯ ಮೊದಲ ಹೆಜ್ಜೆ.

ಮಕ್ಕಳೇ, ಇಂದೇ ಒಂದು ಪ್ರಯೋಗ ಮಾಡಿ. ಕೋಣೆ ಕತ್ತಲು ಮಾಡಿ, ಅಣ್ಣನನ್ನೋ ತಂಗಿಯನ್ನೋ ನಿಲ್ಲಿಸಿ. ಟಾರ್ಚನ್ನು ಗಲ್ಲದ ಕೆಳಗಿನಿಂದ ಹಿಡಿದರೆ ಭೂತ! ಪಕ್ಕದಿಂದ ಹಿಡಿದರೆ ಅರ್ಧ ಮುಖ. ಬೆನ್ನ ಹಿಂದಿನಿಂದ ಹಿಡಿದರೆ ಬರೀ ಆಕಾರ. ಮುಖ ಒಂದೇ, ಕತೆ ಮೂರು. ಇದರಲ್ಲಿ ಖುಷಿ ಸಿಕ್ಕಿದರೆ, ನಮ್ಮ ಶಾಲೆಯ ಮುಂದಿನ ನಾಟಕಕ್ಕೆ “ನಾನು ಲೈಟಿಂಗ್ ಮಾಡುತ್ತೇನೆ” ಎಂದು ಕೈಯೆತ್ತಿ.