ಅದಿರಿಗೆ ಎರಡನೆಯ ಬೆಳೆಯಿಲ್ಲ

ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ರಸ್ತೆಬದಿಯ ಬೇವಿನ ಮರಗಳನ್ನು ನೋಡುವುದು ನನಗೆ ರೂಢಿ. 2005ರ ಆಸುಪಾಸಿನಲ್ಲಿ ಬೇವಿನ ಎಲೆ ಹಸಿರೆಂಬುದೇ ಮರೆತುಹೋಗಿತ್ತು. ಹಗಲಿರುಳು ಸಾಲುಗಟ್ಟಿದ ಅದಿರು ಲಾರಿಗಳ ಕೆಂಪು ದೂಳು ಮರ, ಮನೆ, ಹೊಲಗಳ ಮೇಲೆ ಭೇದವಿಲ್ಲದೆ ಕುಳಿತಿತ್ತು.

ಈ ಸೀಮೆಗೆ ಗಣಿ ಹೊಸದಲ್ಲ. ಸಂಡೂರಿನ ಮ್ಯಾಂಗನೀಸ್ ಎಷ್ಟೋ ದಶಕಗಳಿಂದ ಹೊರಹೋಗುತ್ತಿತ್ತು; ದೋಣಿಮಲೈಯಲ್ಲಿ ಎನ್‌ಎಂಡಿಸಿ 1977ರಿಂದ ಕಬ್ಬಿಣದ ಅದಿರು ತೆಗೆಯುತ್ತಿದೆ. ಹೊಸದಾಗಿ ಬಂದದ್ದು ವೇಗ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕುಲುಮೆಗಳ ಹಸಿವು ಹೆಚ್ಚಿತು. ಗಟ್ಟಿ ಅದಿರಿಗಷ್ಟೇ ಅಲ್ಲ, ಕಸವೆಂದು ಗುಡ್ಡೆ ಹಾಕಿದ್ದ ಪುಡಿಗೂ ಬೆಲೆ ಬಂತು. ಮಳೆ ನಂಬಿದ ಹೊಲದಲ್ಲಿ ಜೋಳ ಬಿತ್ತುವುದಕ್ಕಿಂತ ಅದನ್ನು ಅದಿರಿನ ದಾಸ್ತಾನಿಗೆ ಬಾಡಿಗೆ ಕೊಡುವುದೇ ಲೇಸೆಂದು ನನ್ನ ಪರಿಚಯದ ರೈತರೊಬ್ಬರು ನಿರ್ಧರಿಸಿದರು. ಅವರ ಮಗ ಸಾಲ ಮಾಡಿ ಲಾರಿ ಕೊಂಡ. ಅವರನ್ನು ದುರಾಸೆಯವರೆಂದು ಕರೆಯಲು ನನಗೆ ಮನಸ್ಸಿಲ್ಲ; ಬರಗಾಲ ಕಂಡವರಿಗೆ ತಿಂಗಳ ಬಾಡಿಗೆಯ ಬೆಲೆ ಗೊತ್ತು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಕೊಳ್ಳೆ ನಿಂತಿತು, ಸರಿ. ಆದರೆ ಆ ಮಗನ ಲಾರಿ ಸಾಲದವರ ಪಾಲಾಯಿತು. ಅದಿರು ಬೆರೆತ ಹೊಲ ಜೋಳಕ್ಕೆ ಒಗ್ಗಲಿಲ್ಲ.

2013ರಲ್ಲಿ ನ್ಯಾಯಾಲಯವು ಗಂಭೀರ ಅಕ್ರಮ ನಡೆಸಿದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿತು. 2017ರಲ್ಲಿ ಅದು 2.8 ಕೋಟಿಗೂ 2022ರಲ್ಲಿ 3.5 ಕೋಟಿಗೂ ಏರಿತು; ರಫ್ತಿಗಿದ್ದ ತಡೆಯೂ 2022ರಲ್ಲೇ ತೆರವಾಯಿತು. ಈಗಿನದು ಕಾನೂನಿನ ಗಣಿಗಾರಿಕೆ ಎಂಬ ಸಮಾಧಾನವಿರಬಹುದು. ಆದರೆ ಕಾನೂನುಬದ್ಧವಾಗಿ ಕರಗಿದ ಬೆಟ್ಟವೂ ಮರಳಿ ಬೆಳೆಯುವುದಿಲ್ಲ. ಜೋಳದ ಬೆಳೆ ಮುಂದಿನ ವರ್ಷಕ್ಕೆ ಬೀಜ ಬಿಡುತ್ತದೆ, ಅದಿರು ಬಿಡುವುದು ಗುಂಡಿಯನ್ನು.

ಆದ್ದರಿಂದ ಅದಿರಿನ ಹಣ ಆದಾಯವಲ್ಲ, ಕರಗುತ್ತಿರುವ ಆಸ್ತಿ. ಸಮುದ್ರದಡಿಯ ತೈಲ ಶಾಶ್ವತವಲ್ಲವೆಂದು ಅರಿತ ನಾರ್ವೆ, 1990ರಲ್ಲೇ ಕಾನೂನು ಮಾಡಿ ಅದರ ಹಣವನ್ನು ಮುಂದಿನ ಪೀಳಿಗೆಗೆಂದು ನಿಧಿಯಾಗಿಸಿತು. ನಮ್ಮಲ್ಲಿಯೂ ಅಂಥ ಅವಕಾಶವಿದೆ. ಅದಿರು ಮಾರಾಟದ ಪಾಲಿನಿಂದ ಕೂಡಿದ ಹಣದಲ್ಲಿ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ದಾರಿ ಮಾಡಿಕೊಟ್ಟಿತು. 2015ರ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದಿವೆ.

ಈ ಹಣ ಕಟ್ಟಡ, ಕಮಾನುಗಳಲ್ಲಿ ಕರಗಬಾರದು. ಮಳೆಗಾಲದಲ್ಲಿ ಕೆಂಪಾಗುವ ನಾರಿಹಳ್ಳದ ನೀರಿಗೆ, ಕೆಟ್ಟ ಹೊಲದ ಮಣ್ಣಿಗೆ, ದೂಳು ಕುಡಿದವರ ಎದೆಗೆ ಅದರಲ್ಲಿ ಮೊದಲ ಹಕ್ಕಿದೆ. ಯಾವ ಹಳ್ಳಿಗೆ ಎಷ್ಟು ಸಂದಿತೆಂಬ ಲೆಕ್ಕ ಪ್ರತಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವಂತಾಗಲಿ. ಬೆಟ್ಟ ಮುಗಿದ ಮೇಲೂ ಈ ಊರುಗಳಲ್ಲಿ ಜನ ಬದುಕಬೇಕಲ್ಲ!